ಜುಲೈ ತಿಂಗಳ ಮುಖ

ನಮ್ಮೂರು ಲುಸ್ರಾದ ಚರ್ಚನ್ನು ಕಟ್ಟಿಸಿದವನು ಅರ್ಶಂಬೊ ಎಂಬ ಧಣಿ ಎಂದು ಪಾದ್ರಿಗಳು ಪ್ರತಿ ಭಾನುವಾರ ಹೇಳುತ್ತಾರೆ. ಕಟ್ಟಿದವರ ಹೆಸರು ಹೇಳುವುದಿಲ್ಲ. ಹೇಳಲು ಹೊರಟರೆ ಮನೆಯಲ್ಲಿ ಒಲೆಯ ಮೇಲಿಟ್ಟ ಕೋಸಿನ ಸೂಪು ಸೀದು ಹೋಗುತ್ತದೆ.

ಅರ್ಶಂಬೊ ಗಿರಣಿಯ ಜಗಳವೊಂದರಲ್ಲಿ ಮಠದ ಸನ್ಯಾಸಿಯ ತಲೆ ಒಡೆದಿದ್ದ. ಪ್ರಾಯಶ್ಚಿತ್ತಕ್ಕೆ ಜೆರುಸಲೇಮಿಗೆ ನಡೆದು ಹೋಗಬೇಕು ಎಂದು ಬಿಷಪ್ಪರು ವಿಧಿಸಿದರು. ಅವನಿಗೆ ಮೊಣಕಾಲು ನೋವು. ನಡೆಯುವ ಬದಲು ಚರ್ಚು ಕಟ್ಟಿಸುತ್ತೇನೆ ಅಂದ. ಹೀಗೆ ಅವನ ಮೊಣಕಾಲಿನ ಸಲುವಾಗಿ ನಮ್ಮ ಮುತ್ತಜ್ಜಂದಿರು ಹನ್ನೊಂದು ವರ್ಷ ಕಲ್ಲು ಹೊತ್ತರು. ಇದಾಗಿ ಮುನ್ನೂರು ವರ್ಷವಾಗಿರಬೇಕು. ಉತ್ತರದ ಗೋಡೆಯ ಮೇಲೆ ಅವನ ಚಿತ್ರವಿತ್ತು. ಎರಡೂ ಮೊಣಕಾಲೂರಿ ಕುಳಿತು, ರೊಟ್ಟಿಯಷ್ಟು ದೊಡ್ಡ ಚರ್ಚೊಂದನ್ನು ಎರಡು ಕೈಯಲ್ಲಿ ಎತ್ತಿ ದೇವಮಾತೆಗೆ ಕೊಡುತ್ತಿದ್ದ. ನೋವಿದ್ದ ಮೊಣಕಾಲು ಗೋಡೆಯ ಮೇಲೆ ಚೆನ್ನಾಗಿ ಮಡಚುತ್ತಿತ್ತು.

ಅವನಿಗೆ ಇಬ್ಬರು ಮಕ್ಕಳು. ಒಬ್ಬ ಗುಡ್ಡದ ಮೇಲೆ ಕೋಟೆ ಕಟ್ಟಿದ, ಇನ್ನೊಬ್ಬ ಹೊಳೆಯ ಪಕ್ಕ. ಅಪ್ಪನ ಗುರಾಣಿಯ ಮೇಲಿದ್ದ ಮೀನನ್ನು ಕೆಳಗಿನ ಕೋಟೆಯವರು ಉಳಿಸಿಕೊಂಡರು. ಮೀನು ನಾರುತ್ತದೆ ಎಂದು ಮೇಲಿನ ಕೋಟೆಯವರು ಮೂರು ಕಾಡುಹಂದಿಯ ತಲೆಗಳನ್ನು ಗುರುತಾಗಿ ಹಾಕಿಕೊಂಡರು. ಅಂದಿನಿಂದ ಇವೆರಡು ಮನೆಯವರು ಲುಸ್ರಾಕ್ಕೆ ಮಾಡಿದ ಉಪಕಾರವೆಂದರೆ ಚರ್ಚಿನೊಳಗೆ ಜಗಳವಾಡಿದ್ದು. ಪವಿತ್ರ ನೀರು ಮೊದಲು ಯಾರ ಮೇಲೆ ಬೀಳಬೇಕು, ಹರಸಿದ ರೊಟ್ಟಿಯ ಮೊದಲ ತುಂಡು ಯಾರ ಬಾಯಿಗೆ, ಯಾರ ಬೆಂಚು ಪೀಠಕ್ಕೆ ಹತ್ತಿರ. ನಮ್ಮ ಪಾದ್ರಿ ಅದೆಮಾರ್ ಬಂದ ಹೊಸದರಲ್ಲಿ ಬುದ್ಧಿವಂತಿಕೆ ಮಾಡಿ, ಎರಡು ಕೈಯಲ್ಲಿ ಎರಡು ಕುಂಚ ಹಿಡಿದು ಇಬ್ಬರ ಮೇಲೂ ಒಟ್ಟಿಗೆ ನೀರೆರಚಿದರು. ಎಡಗೈ ಕಡೆ ಕುಳಿತವರು ಕತ್ತಿಗೆ ಕೈ ಹಾಕಿದರು. ಆಮೇಲೆ ಪಾದ್ರಿಗಳು ವಾರ ಬಿಟ್ಟು ವಾರ ಕೈಗಳನ್ನು ಕತ್ತರಿಯ ಹಾಗೆ ಅಡ್ಡ ಹಾಕಿಕೊಂಡು ಎರಚತೊಡಗಿದರು. ಅದನ್ನು ನೋಡಲು ಪಕ್ಕದೂರಿನವರೂ ಬರುತ್ತಿದ್ದರು.

ನಾನು ಮಾರ್ಸಿಯಾಲ್. ಗಾರೆ ಕೆಲಸ, ಸುಣ್ಣ ಬಳಿಯುವ ಕೆಲಸ ಮಾಡುತ್ತೇನೆ. ಈ ಭಾಗದಲ್ಲಿ ಧಣಿಯೊಬ್ಬ ಸತ್ತರೆ ಚರ್ಚಿನ ಗೋಡೆಗೆ ಒಳಗಡೆ ಸುತ್ತಲೂ ಎರಡು ಅಡಿ ಅಗಲದ ಕಪ್ಪು ಪಟ್ಟೆ ಬಳಿದು, ನಡುನಡುವೆ ಅವನ ಮನೆಯ ಗುರುತು ಬರೆಯಬೇಕು. ಸಂತರ ಚಿತ್ರ ಅಡ್ಡ ಬಂದರೆ ಸಂತರು ಕಪ್ಪಾಗುತ್ತಾರೆ. ದೇವರ ಮನೆಗೆ ಮನುಷ್ಯನ ಸೂತಕ. ನಾವು ಸತ್ತರೆ ಗಂಟೆ ಬಾರಿಸುವವನು ಎರಡು ಸಲ ಹಗ್ಗ ಎಳೆಯುತ್ತಾನೆ, ಅದೂ ಅವನಿಗೆ ನೆನಪಾದರೆ.

ಮೇಲಿನ ಕೋಟೆಯ ಧಣಿ ರೆನ್ಯೊ ಸತ್ತದ್ದು ಈಸ್ಟರಿನ ಮುಂಚಿನ ಉಪವಾಸದಲ್ಲಿ. ಮಾಂಸ ಮುಟ್ಟಬಾರದು ಎಂದು ಹಾವುಮೀನು ತುಂಬಿದ ಕಡುಬು ತಿನ್ನುತ್ತಿದ್ದ. ಒಂಬತ್ತನೆಯದು ಇಳಿಯಲಿಲ್ಲ.

ಮೂರನೆಯ ದಿನ ಅವರ ಕಾರಭಾರಿ ಕೊಲಾ ಹಗ್ಗ, ಇದ್ದಿಲು ಹಿಡಿದುಕೊಂಡು ನನ್ನನ್ನು ಚರ್ಚಿಗೆ ಕರೆದುಕೊಂಡು ಹೋದ. ಹನ್ನೊಂದು ವರ್ಷದ ಹಿಂದೆ ಕೆಳಗಿನ ಕೋಟೆಯ ಮುದಿ ಧಣಿ ಸತ್ತಾಗ ನಾನೇ ಬಳಿದ ಪಟ್ಟೆ ಗೋಡೆಯ ಮೇಲಿತ್ತು.

"ಅವರ ಪಟ್ಟೆಗಿಂತ ಒಂದು ಗೇಣು ಮೇಲೆ," ಅಂದ ಕೊಲಾ. "ಅಮ್ಮಾವ್ರ ಅಪ್ಪಣೆ. ಕೆಳಗೆ ಇಳಿದ್ರೆ ನಿನ್ನ ಚರ್ಮ ಸುಲಿಸ್ತಾರೆ."

"ಮೇಲೆ ಹೋದ್ರೆ?"

"ಮೇಲೆ ಹೋದ್ರೆ ಯಾವ ಧಣಿ ಬೇಜಾರು ಮಾಡ್ಕೋತಾನೆ?"

ಹಗ್ಗ ಕಟ್ಟಿ ಗೆರೆ ಎಳೆದೆವು. ಉತ್ತರದ ಗೋಡೆಗೆ ಬಂದಾಗ ಗೆರೆ ಹನ್ನೆರಡು ತಿಂಗಳುಗಳ ಚಿತ್ರಗಳ ಮೇಲೆ ಹಾದುಹೋಯಿತು. ಹದಿನೇಳು ವರ್ಷದ ಹಿಂದೆ ಲಿಮೋಜ್ ಕಡೆಯ ಚಿತ್ರಕಾರನೊಬ್ಬ ಒಂದು ಬೇಸಿಗೆ ನಮ್ಮೂರಲ್ಲಿ ಉಳಿದು ಬರೆದದ್ದು ಅವು. ತಿಂಗಳಿಗೊಂದು ಕೆಲಸ, ಕೆಲಸಕ್ಕೊಬ್ಬ ಆಳು. ಮುಖಕ್ಕೆ ಅವನು ಹೊರಗೆಲ್ಲೂ ಹುಡುಕಲಿಲ್ಲ. ಸಿಕ್ಕವರನ್ನು ನಿಲ್ಲಿಸಿ ಬರೆದ. ಡಿಸೆಂಬರಿನಲ್ಲಿ ಹಂದಿ ಕಡಿಯುವವನು ಕಟುಕ ಸಿಮೊನೆ. ಫೆಬ್ರವರಿಯಲ್ಲಿ ಬೆಂಕಿ ಕಾಯಿಸುವವನು ಸೋಮಾರಿತನಕ್ಕೇ ಹೆಸರಾದ ಒಬ್ಬ ಕುರುಬ. ಜುಲೈಯಲ್ಲಿ ಕುಡುಗೋಲು ಹಿಡಿದು ಗೋಧಿ ಕೊಯ್ಯುವವನು ಲೆಯೊನಾರ್, ನನ್ನ ಅಕ್ಕ ಪೆರೋನಳ ಗಂಡ.

ಕೆಳಗಿನ ಕೋಟೆಯ ಪಟ್ಟೆ ಈಗಾಗಲೇ ಅವರನ್ನೆಲ್ಲ ಮೊಣಕಾಲಿನವರೆಗೆ ನುಂಗಿತ್ತು. ಹೊಸ ಗೆರೆಯ ಪ್ರಕಾರ ಎದೆಯಿಂದ ಟೋಪಿಯವರೆಗೆ ಹೋಗುತ್ತಿತ್ತು. ಎರಡು ಕಪ್ಪಿನ ನಡುವೆ ಹನ್ನೆರಡು ಸೊಂಟ ಉಳಿಯುತ್ತಿದ್ದವು.

ಸಂಜೆ ಅಕ್ಕ ಬಂದು ನೋಡಿದಳು. ಇದ್ದಿಲ ಗೆರೆ ಲೆಯೊನಾರನ ಎದೆಗುಂಡಿಯ ಮೇಲೆ ಹಾದು ಹೋಗಿತ್ತು.

"ಇದರ ಮೇಲೆಲ್ಲ ಕಪ್ಪೇನೋ?"

"ಹೂಂ."

"ಯಾರ ಹೆಸರಲ್ಲಿ?"

"ಗೊತ್ತಿದ್ದೂ ಯಾಕೆ ಕೇಳ್ತೀಯ?"

ಆರು ವರ್ಷದ ಹಿಂದೆ ರೆನ್ಯೊ ಧಣಿ ಕೋಟೆಯ ಕಂದಕ ಅಗಲ ಮಾಡಿಸುತ್ತಿದ್ದ. ಮನೆಗೊಬ್ಬ ಬಿಟ್ಟಿ ಆಳು. ಸುಗ್ಗಿಯ ವಾರ ಬೇಡ, ಮಣ್ಣು ಸಡಿಲವಾಗಿದೆ, ಮರದ ಆಸರೆ ಕೊಡಿ ಎಂದು ಲೆಯೊನಾರ್ ಎರಡು ಸಲ ಹೇಳಿದ. ಮರ ಕಾಡಿನದು, ಕಾಡು ಧಣಿಯದು, ಧಣಿಗೆ ಮನಸ್ಸಿಲ್ಲ. ಮಧ್ಯಾಹ್ನ ದಂಡೆ ಕುಸಿಯಿತು. ಹೊರಗೆ ತೆಗೆದಾಗ ಲೆಯೊನಾರನ ಬಾಯಿತುಂಬ ಮಣ್ಣು. ಧಣಿ ಕುದುರೆಯಿಂದ ಇಳಿಯದೆ, "ಕೆಲಸ ನಿಂತಿದೆ, ಆ ಮನೆಯಿಂದ ಇನ್ನೊಬ್ಬನನ್ನ ಕಳಿಸಿ," ಅಂದ. ಇನ್ನೊಬ್ಬ ಅಂದರೆ ನಾನು. ನಾನು ಹೋದೆ, ಉಳಿದ ಮಣ್ಣು ತೆಗೆದೆ. ಈ ಮಾತನ್ನು ಅಕ್ಕ ಯಾವತ್ತೂ ಎತ್ತಿಲ್ಲ. ಎತ್ತುವವಳಲ್ಲ, ಮರೆಯುವವಳೂ ಅಲ್ಲ.

"ನೋಡು ಮಾರ್ಸಿಯಾಲ್," ಅಂದಳು. "ಅವನೇನು ದೊಡ್ಡ ಸಂತ ಅಲ್ಲ. ಕುಡೀತಿದ್ದ, ಗೊರಕೆ ಹೊಡೀತಿದ್ದ, ಒಂದ್ಸಲ ನನ್ನ ಕೋಳಿ ಮಾರಿ ಸುಳ್ಳು ಹೇಳಿದ್ದ. ನಾನು ಅಳ್ತಾ ಕೂತಿಲ್ಲ. ಆದ್ರೆ ಆ ಹೊಟ್ಟೆಬಾಕ ಇವನನ್ನ ಒಂದು ಸಲ ಹೂತಿದಾನೆ. ಎರಡನೇ ಸಲ ನನ್ನ ತಮ್ಮನ ಕೈಯಲ್ಲಿ ಹೂಳಿಸೋದು ಬೇಡ."

"ನಾನೇನು ಮಾಡ್ಲಿ ಅಕ್ಕ? ಗೆರೆ ಅವರದು."

"ಗೆರೆ ಮೇಲೆತ್ತು."

"ಎತ್ತಿದ್ರೆ ಕೊಲಾ ಕೇಳಲ್ವಾ? ಪಾದ್ರಿಗಳ ಹತ್ರ ಮಾತಾಡ್ತೀನಿ."

"ಮಾತಾಡು. ಅವರು ಎರಡೂ ಕೈ ಅಡ್ಡ ಹಾಕ್ಕೊಂಡು ನಿನಗೂ ನೀರೆರಚ್ತಾರೆ."

ಅವಳು ಹೇಳಿದ ಹಾಗೇ ಆಯಿತು. ಪಾದ್ರಿ ಅದೆಮಾರ್ ನನ್ನ ಮಾತು ಪೂರ್ತಿ ಕೇಳಿ, "ಮಗನೇ, ಚಿತ್ರ ಹೋಗುತ್ತೆ, ಆತ್ಮ ಉಳಿಯುತ್ತೆ," ಅಂದರು. ಹಾಗಾದರೆ ಧಣಿಯ ಆತ್ಮಕ್ಕೆ ಗೋಡೆ ಯಾಕೆ ಬೇಕು ಎಂದು ಕೇಳಿದೆ. ಅವರಿಗೆ ತಟ್ಟನೆ ಯಾರೋ ಕಾಯಿಲೆಯವರ ನೆನಪಾಯಿತು, ಹೊರಟುಬಿಟ್ಟರು. ಕಟುಕ ಸಿಮೊನೆಯನ್ನೂ ಕೇಳಿದೆ, ಅವನ ಮುಖವೂ ಹೋಗುತ್ತಿತ್ತಲ್ಲ. "ಬಳಿ ಮಾರಾಯ," ಅಂದ. "ಅದರಲ್ಲಿ ನನಗೆ ಕೂದಲಿದೆ. ನನ್ನ ಹೆಂಡ್ತಿ ಪ್ರತಿ ಭಾನುವಾರ ಅದನ್ನ ನೋಡಿ ನನ್ನ ನೋಡ್ತಾಳೆ."

ಅಕ್ಕ ಮೇಲಿನ ಕೋಟೆಯಲ್ಲಿ ಬಟ್ಟೆ ಒಗೆಯುತ್ತಾಳೆ. ಸಾವಿನ ಮನೆಯಲ್ಲಿ ಒಗೆಯುವುದು ಜಾಸ್ತಿ. ಎರಡು ದಿನ ಬಿಟ್ಟು ನಾನು ಕಾಡುಹಂದಿಯ ತಲೆಯ ಮಾದರಿ ಬರೆದುಕೊಂಡು ಕೋಟೆಯ ಅಂಗಳಕ್ಕೆ ಹೋದೆ. ಧಣಿಯ ವಿಧವೆ ಇಸಾಬೊ ಅಮ್ಮಾವ್ರು ಹೊರಗೆ ಬಂದರು. ಮೈಮೇಲೆ ಕಪ್ಪು, ಕೈಯಲ್ಲಿ ಬಾದಾಮಿ.

"ಇದು ಹಂದಿ," ಅಂದರು.

"ಕಾಡುಹಂದಿ ಅಮ್ಮಾವ್ರೆ."

"ಸಾಕಿದ ಹಂದಿ ಹಾಗಿದೆ. ಕೋರೆ ದೊಡ್ಡದು ಮಾಡು."

ಪಕ್ಕದಲ್ಲಿ ಅಕ್ಕ ಇನ್ನೊಬ್ಬಳ ಜೊತೆ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಹೇಳುವ ಹಾಗೆ, ಆದರೆ ಅಂಗಳಕ್ಕೆಲ್ಲ ಕೇಳುವ ಹಾಗೆ ಅಂದಳು: "ಕೆಳಗಿನ ಕೋಟೆ ಅಡುಗೆಯವಳಿಗೆ ಹೊಳೆ ಹತ್ರ ನಗು ತಡೆಯಕ್ಕೇ ಆಗಿಲ್ಲ ಕಣೆ."

ಅಮ್ಮಾವ್ರ ಬಾದಾಮಿ ನಿಂತಿತು. "ಯಾಕಂತೆ ನಗು?"

"ಬಿಡಿ ಅಮ್ಮಾವ್ರೆ. ಅವಳ ಬಾಯಿ ಸರಿ ಇಲ್ಲ."

"ಹೇಳು ಅಂದೆ."

"ನಾನು ಹೇಳಿದ್ದಲ್ಲ, ಅವಳು ಹೇಳಿದ್ದು. ಒಂದು ಗೇಣು ಎತ್ತರ ಅಂದ್ರೆ ಒಂದು ಗೇಣು ಮರ್ಯಾದೆ ಅಂತೆ. ಬಾಗಿಲಲ್ಲಿ ನಿಂತು ನೋಡಿದ್ರೆ ಎರಡು ಪಟ್ಟೆ ಒಂದೇ ತರ ಕಾಣುತ್ತಂತೆ. ಬದುಕಿದ್ದಾಗ ಒಂದು ಬೆಂಚಲ್ಲಿ ಕೂರಲಿಲ್ಲ, ಸತ್ತ ಮೇಲೆ ನಿಮ್ಮ ಧಣಿ ನಮ್ಮ ಧಣಿ ಪಕ್ಕದಲ್ಲೇ ಬಂದು ಮಲಗಿದ್ರು ಅಂದಳು."

ಬಟ್ಟೆ ಮಡಚುತ್ತಿದ್ದ ಇನ್ನೊಬ್ಬಳು ನೆಲ ನೋಡಿದಳು. ಅಕ್ಕನ ಮುಖದಲ್ಲಿ ಏನೂ ಇರಲಿಲ್ಲ. ಅಮ್ಮಾವ್ರು ನನ್ನ ಕಡೆ ತಿರುಗಿದರು.

"ಎಷ್ಟು ಮೇಲೆ ಹೋಗಬಹುದು?"

"ತಿಂಗಳುಗಳನ್ನ ದಾಟಿ ಹೋಗಬಹುದು ಅಮ್ಮಾವ್ರೆ. ಆದ್ರೆ ಅಲ್ಲಿ ಹಳೇ ಚಿತ್ರ ಇದೆ. ಅರ್ಶಂಬೊ ಧಣಿಗಳದು."

"ಅವನ ಗುರಾಣಿ ಮೇಲೆ ಏನಿದೆ?"

"ಮೀನು."

"ಮೀನು," ಅಂದರು ಅಮ್ಮಾವ್ರು. "ಅಂದ್ರೆ ಅವರ ಪೈಕಿ. ಬಳಿ ಅದರ ಮೇಲೆ. ಮೂರು ಅಡಿ ಅಗಲ ಮಾಡು."

ಕೊಲಾ ಹಿಂದೆ ನಿಂತಿದ್ದ. ಮೀನು ಮೊದಲು ಎರಡೂ ಮನೆಯದು ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಊರಿನ ಆಡು ಕಾಯುವವರಿಗೂ ಗೊತ್ತಿತ್ತು. ಆದರೆ ಅಮ್ಮಾವ್ರು ಮಾತು ಮುಗಿಸಿ ಬಾದಾಮಿ ಬಾಯಿಗೆ ಹಾಕಿಕೊಂಡಾಗಿತ್ತು, ಮತ್ತು ಕೊಲಾ ಇಪ್ಪತ್ತು ವರ್ಷದಿಂದ ಆ ಮನೆಯ ಅನ್ನ ತಿನ್ನುತ್ತಿರುವುದು ಬಾಯಿ ಮುಚ್ಚಿಕೊಂಡು.

ಅಟ್ಟಣೆ ಏರಿಸಿದೆ. ಇದ್ದಿಲು ಅರೆದು, ಮೂಳೆಯ ಅಂಟು ಕಾಯಿಸಿ, ಎಂಟು ದಿನ ಬಳಿದೆ. ಅರ್ಶಂಬೊನ ಮುಖ, ಅವನ ಕೈಯಲ್ಲಿದ್ದ ಪುಟ್ಟ ಚರ್ಚು, ಮೀನು, ಎಲ್ಲ ಒಂದೇ ಬೆಳಿಗ್ಗೆಗೆ ಹೋದವು. ಮುನ್ನೂರು ವರ್ಷ ನಮ್ಮ ತಲೆಯ ಮೇಲೆ ಮೊಣಕಾಲೂರಿದ್ದವನು ಮೂರು ಕುಂಚಕ್ಕೆ ಮುಗಿದ. ಅವನ ಜಾಗದಲ್ಲಿ ಮೂರು ಹಂದಿ ತಲೆ ಬರೆದೆ, ಕೋರೆ ದೊಡ್ಡದಾಗಿ. ಕೆಳಗೆ ಲೆಯೊನಾರ್ ಮೊಣಕಾಲುದ್ದ ಕಪ್ಪಿನಲ್ಲಿ ನಿಂತು ಗೋಧಿ ಕೊಯ್ಯುತ್ತಲೇ ಇದ್ದ.

ಆರು ತಿಂಗಳು ಯಾರಿಗೂ ಏನೂ ಅನಿಸಲಿಲ್ಲ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಕೆಳಗಿನ ಕೋಟೆಯ ಧಣಿ ಜೋಸ್ಲಾಂಗೆ ಯಾರೋ ವಕೀಲ ಸಿಕ್ಕಿದ. ಕಟ್ಟಿಸಿದವನ ಮುಖ ಅಳಿಸಿದವರು ಕಟ್ಟಿಸಿದವನ ಕುಲ ಹೇಗಾದಾರು ಎಂದು ದಾವೆ ಹೂಡಿದರು. ಮೊದಲ ನೀರು, ಮೊದಲ ರೊಟ್ಟಿ, ಮೊದಲ ಬೆಂಚು, ಎಲ್ಲ ಇನ್ನು ಮೀನಿನ ಮನೆಗೇ ಸೇರಬೇಕಂತೆ. ಆಗ ಅಮ್ಮಾವ್ರಿಗೆ ಅರ್ಶಂಬೊ ತನ್ನ ಗಂಡನ ಮನೆತನಕ್ಕೂ ಮೂಲಪುರುಷ ಎಂಬುದು ನೆನಪಾಯಿತು. ನೆನಪಾದ ಮೇಲೆ ಅಪ್ಪಣೆ ಕೊಟ್ಟದ್ದು ಮರೆತುಹೋಯಿತು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು. ಮೇಕೆ ನಾನು.

ಕೊಲಾ ಮೂರ್ಖನಲ್ಲ. ಗಾರೆಯವನು ಯಾಕೆ ಗೆರೆ ಮೇಲೆತ್ತಿದ ಎಂಬುದಕ್ಕೆ ಒಂದು ಕಾರಣ ಬೇಕಿತ್ತು. ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದನಂತೆ. ಮಾರನೆಯ ದಿನ ನನಗೆ ಹೇಳಿದ: "ಜುಲೈಯಲ್ಲಿರೋನು ನಿನ್ನ ಭಾವ ತಾನೇ? ಅವನ ಮುಖ ಉಳಿಸಕ್ಕೆ ಧಣಿಗಳ ಪೂರ್ವಜರನ್ನ ಅಳಿಸಿದೀಯ. ವಿಚಾರಣೆಲಿ ಇದನ್ನೇ ಹೇಳ್ತೀನಿ. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ, ತಿಳ್ಕೋ."

"ಅಪ್ಪಣೆ ಕೊಟ್ಟಾಗ ನೀವು ಅಲ್ಲೇ ಇದ್ರಲ್ಲ."

"ಇದ್ದೆ. ನನಗೆ ಮನೆ ಇದೆ, ಮೂರು ಹೆಣ್ಣುಮಕ್ಕಳಿದಾರೆ."

ರುಜುವಾದರೆ ನಡೆಯುವುದು ಇಷ್ಟು. ಮೇಲಿನ ಪಟ್ಟೆ ಹೆರೆದು, ಮೊದಲ ಗೆರೆಯಲ್ಲಿ, ಅಂದರೆ ಲೆಯೊನಾರನ ಮುಖದ ಮೇಲೆ ಹೊಸದಾಗಿ ಬಳಿಯುತ್ತಾರೆ. ನನ್ನನ್ನು ಚೌಕದ ಕಂಬಕ್ಕೆ ಕಟ್ಟಿ ಚಾಟಿಯಲ್ಲಿ ಹೊಡೆದು ಊರು ಬಿಡಿಸುತ್ತಾರೆ. ಅಕ್ಕನಿಗೆ ಇದನ್ನು ಹೇಳಿದೆ. ಅವಳು ಬೆರಳಿನ ನೆನೆದ ಚರ್ಮ ಕೀಳುತ್ತಾ ಕೇಳಿಸಿಕೊಂಡಳು.

ನ್ಯಾಯಾಲಯದಿಂದ ವಿಚಾರಣಾಧಿಕಾರಿ ಹೇಸರಗತ್ತೆಯ ಮೇಲೆ ಬಂದ, ಹಿಂದೆ ಒಬ್ಬ ಗುಮಾಸ್ತ. ಚರ್ಚಿನೊಳಗೆ ಮೇಜು ಹಾಕಿ ಕುಳಿತರು. ಒಂದು ಕಡೆ ಜೋಸ್ಲಾಂ ಧಣಿ, ಇನ್ನೊಂದು ಕಡೆ ಅಮ್ಮಾವ್ರು. ಮಧ್ಯೆ ನಾವು, ಟೋಪಿ ಕೈಯಲ್ಲಿ ಹಿಡಿದುಕೊಂಡು. ಮುನ್ನೂರು ವರ್ಷದಲ್ಲಿ ಮೊದಲ ಸಲ ಎರಡೂ ಕೋಟೆಗಳಿಗೆ ನಮ್ಮ ಬಾಯಿಯಿಂದ ಏನೋ ಬೇಕಾಗಿತ್ತು.

ಅಧಿಕಾರಿ ಮೊದಲು ಕಟುಕ ಸಿಮೊನೆಯನ್ನು ಕರೆದ. "ಆ ಕಪ್ಪಿನ ಕೆಳಗೆ ಯಾರ ಚಿತ್ರ ಇತ್ತು?"

"ಗೊತ್ತಿಲ್ಲ ಸ್ವಾಮಿ."

"ನಲವತ್ತು ವರ್ಷದಿಂದ ಇಲ್ಲಿಗೆ ಬರ್ತಿದೀಯ."

"ಬರ್ತೀನಿ. ತಲೆ ಎತ್ತಲ್ಲ. ಚರ್ಚಲ್ಲಿ ತಲೆ ತಗ್ಗಿಸಿರಬೇಕು ಅಂತ ಧಣಿಗಳೇ ಕಲಿಸಿದ್ದು."

"ತಿಂಗಳುಗಳಲ್ಲಿರೋ ಮುಖಗಳು ಯಾರದು? ಡಿಸೆಂಬರಿನವನು ನಿನ್ನ ಹಾಗೇ ಇದಾನೆ ಅಂತಾರೆ."

ಸಿಮೊನೆ ತನ್ನ ಬೋಳು ತಲೆ ಸವರಿಕೊಂಡ. "ಅವನಿಗೆ ಕೂದಲಿದೆಯಲ್ಲ ಸ್ವಾಮಿ."

ಹಿಂದೆ ಅವನ ಹೆಂಡತಿಗೆ ಕೆಮ್ಮು ಬಂತು. ಆಮೇಲೆ ಕರೆದವರೆಲ್ಲ ಹಾಗೇ ಹೇಳಿದರು. ಕೆಲವರು ಹೆದರಿ, ಕೆಲವರು ಖುಷಿಗೆ. ಊರಲ್ಲಿ ಒಬ್ಬರೂ ಮುನ್ನೂರು ವರ್ಷದಲ್ಲಿ ಉತ್ತರದ ಗೋಡೆ ನೋಡಿರಲಿಲ್ಲ. ಪಾದ್ರಿ ಅದೆಮಾರ್ ತಮ್ಮ ಕಣ್ಣು ಯಾವಾಗಲೂ ಪೀಠದ ಮೇಲಿರುತ್ತದೆ ಅಂದರು. ಆ ದಿನ ಅವರು ಹೇಳಿದ್ದು ಸುಳ್ಳಾದರೂ ನಮ್ಮ ಪಾಲಿಗೆ ಒಳ್ಳೆಯದೇ ಆಯಿತು. ಅವರಿಂದ ಅಂಥದ್ದು ಅಪರೂಪ.

ನನ್ನನ್ನು ಕೇಳಿದಾಗ, "ಹೇಳಿದ ಎತ್ತರಕ್ಕೆ ಬಳಿದೆ," ಅಂದೆ. ಯಾರು ಹೇಳಿದರು ಎಂದು ಕೇಳಿದ. ಅಮ್ಮಾವ್ರ ಹೆಸರು ಹೇಳಿದರೆ ಸುಳ್ಳುಗಾರ, ಹೇಳದಿದ್ದರೆ ತಪ್ಪಿತಸ್ಥ. "ಕೋಟೆಯಿಂದ ಅಪ್ಪಣೆ ಬಂತು," ಅಂದೆ. ಅಮ್ಮಾವ್ರು ಕಿಟಕಿ ನೋಡಿದರು.

ಆಗ ಕೊಲಾ ಎದ್ದು ತನ್ನ ಕಾರಣ ಹೇಳಿದ, ಜುಲೈಯ ಕಡೆ ಬೆರಳು ತೋರಿಸಿ. "ಸತ್ತವನ ಹೆಂಡ್ತಿ ಇಲ್ಲೇ ಇದಾಳೆ. ಪ್ರಮಾಣ ಮಾಡಿಸಿ ಕೇಳಿ ಸ್ವಾಮಿ."

ಅಕ್ಕನನ್ನು ಕರೆದರು. ಪೀಠದ ಕೆಳಗಿಂದ ಸಂತನ ಮೂಳೆಯ ಪೆಟ್ಟಿಗೆ ತಂದಿಟ್ಟರು. ಅದರ ಮೇಲೆ ಕೈಯಿಟ್ಟು ಸುಳ್ಳು ಹೇಳಿದವರ ಕೈ ಒಣಗಿಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನ್ನ ತಾಯಿ ಆ ಪೆಟ್ಟಿಗೆಯ ಹತ್ತಿರವೂ ಹೋಗುತ್ತಿರಲಿಲ್ಲ. ಅಕ್ಕ ತನ್ನ ಕೆಂಪಗೆ ಬಿರಿದ ಕೈ ಅದರ ಮೇಲಿಟ್ಟಳು.

"ಪೆರೋನ್, ಆ ಮುಖ ನೋಡು. ಅದು ನಿನ್ನ ಗಂಡನದಾ?"

ಅವಳು ನೋಡಿದಳು. ಅವಸರ ಮಾಡಲಿಲ್ಲ. ಮೊದಲ ಸಲ ನೋಡುವವಳ ಹಾಗೆ ಕುಡುಗೋಲು ನೋಡಿದಳು, ಟೋಪಿ ನೋಡಿದಳು, ಮುಖ ನೋಡಿದಳು.

"ಅಲ್ಲ," ಅಂದಳು.

"ಊರವರು ಹೌದು ಅಂತಾರಂತೆ."

"ಊರವರು ಅವನ ಜೊತೆ ಮಲಗಿಲ್ಲ ಸ್ವಾಮಿ. ಇವನ ಮೂಗು ನೇರಕ್ಕಿದೆ. ನನ್ನ ಗಂಡನ ಮೂಗು ಮುರಿದಿತ್ತು, ಹೆಂಡದಂಗಡಿ ಮುಂದೆ. ಇವನಿಗೆ ಹಲ್ಲೆಲ್ಲ ಇದೆ. ಅವನಿಗೆ ಮುಂದಿಂದು ಎರಡಿರಲಿಲ್ಲ."

"ಹಾಗಾದ್ರೆ ಇವನು ಯಾರು?"

"ನನಗೇನು ಗೊತ್ತು. ಚಿತ್ರದೋನು ಎಲ್ಲೋ ನೋಡಿದ ಯಾವನೋ ಇರಬೇಕು."

ಕೊಲಾ, "ಸುಳ್ಳು," ಅಂದ. ಅಕ್ಕ ಅವನ ಕಡೆ ತಿರುಗಿದಳು, ಕೈ ಇನ್ನೂ ಪೆಟ್ಟಿಗೆಯ ಮೇಲೇ ಇತ್ತು. "ಕೊಲಣ್ಣ, ನೀನೂ ಬಂದು ಇದರ ಮೇಲೆ ಕೈಯಿಡು. ಆ ದಿನ ಅಂಗಳದಲ್ಲಿ ಯಾರು ಏನು ಹೇಳಿದ್ರು ಅಂತ ನಿನ್ನನ್ನೂ ಕೇಳಲಿ."

ಕೊಲಾ ಕುಳಿತುಕೊಂಡ. ಜೋಸ್ಲಾಂ ಧಣಿ ಜೋರಾಗಿ ನಕ್ಕ. ಅವನಿಗೆ ಗಾರೆಯವನ ಭಾವ ಬೇಕಾಗಿರಲಿಲ್ಲ, ಅಮ್ಮಾವ್ರ ಅಪ್ಪಣೆ ಬೇಕಾಗಿತ್ತು. ಅಮ್ಮಾವ್ರಿಗೆ ಅಂಗಳದ ಮಾತು ಬರುವುದೇ ಬೇಡವಾಗಿತ್ತು. ತನ್ನ ವಕೀಲನ ಕಿವಿಯಲ್ಲಿ ಏನೋ ಹೇಳಿದರು. ವಕೀಲ ಎದ್ದು, ಈ ಮುಖದ ವಿಷಯ ಕೈಬಿಡುತ್ತೇವೆ ಅಂದ.

ಗುಮಾಸ್ತ ಬರೆದುಕೊಂಡದ್ದನ್ನು ಓದಿದ: ಉತ್ತರದ ಗೋಡೆ, ಏಳನೆಯ ಚಿತ್ರ, ಗೋಧಿ ಕೊಯ್ಯುವ ಆಳು, ಯಾರೆಂದು ತಿಳಿಯದು, ಸತ್ತ ಲೆಯೊನಾರ್ ಅಲ್ಲವೆಂದು ಅವನ ವಿಧವೆ ಪ್ರಮಾಣ ಮಾಡಿದ್ದಾಳೆ. ತೀರ್ಪು ಬರುವವರೆಗೆ ಗೋಡೆಯನ್ನು ಯಾರೂ ಮುಟ್ಟಬಾರದು. ಅದರ ಕೆಳಗೆ ಅಕ್ಕ ಸಹಿಯ ಬದಲು ಅಡ್ಡ ಗೀಟು ಹಾಕಿದಳು.

ದಾವೆ ಈಗಲೂ ನಡೆಯುತ್ತಿದೆ. ಇಬ್ಬರು ವಕೀಲರು ಮನೆ ಕಟ್ಟಿಕೊಂಡರು. ಪಾದ್ರಿಗಳು ಕೈ ಅಡ್ಡ ಹಾಕಿಕೊಂಡು ನೀರೆರಚುತ್ತಲೇ ಇದ್ದಾರೆ. ನಾನು ಊರಲ್ಲೇ ಇದ್ದೇನೆ, ಮೇಲಿನ ಕೋಟೆಯ ಕೆಲಸ ಮಾತ್ರ ಸಿಗುವುದಿಲ್ಲ. ಅಕ್ಕನ ಕೈ ಒಣಗಲಿಲ್ಲ.

ಅಂದು ಹೊರಗೆ ಬಂದಾಗ ಅವಳಿಗೆ ಹೇಳಿದೆ: "ಉಳೀತಲ್ಲ ಅಕ್ಕ."

"ಉಳೀತು. ಈಗ ಅವನು ಯಾರೂ ಅಲ್ಲ."

"ನಮಗೆ ಗೊತ್ತಲ್ಲ."

"ನಿನಗೂ ನನಗೂ ಗೊತ್ತು. ಧಣಿಯ ಕಂದಕದ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ, ಒಬ್ಬ ಆಳು ಅಂತ ಬರೆದಿದ್ರು. ಇವತ್ತು ನನ್ನ ಕೈಲೇ ಅದನ್ನ ಬರೆಸಿದ್ರು."

ಮುಂದಿನ ಭಾನುವಾರದಿಂದ ಅವಳು ಉತ್ತರದ ಗೋಡೆಯ ಹತ್ತಿರ ನಿಲ್ಲುವುದನ್ನು ಬಿಟ್ಟಳು. ದಕ್ಷಿಣದ ಕಡೆ, ಕಂಬದ ಪಕ್ಕ ನಿಲ್ಲುತ್ತಾಳೆ, ಜುಲೈಗೆ ಬೆನ್ನು ಹಾಕಿ. ಒಂದು ಸಲವೂ ತಿರುಗುವುದಿಲ್ಲ. ಅಮ್ಮಾವ್ರ ಬೆಂಚಿನ ಹಿಂದೆ ಕೊಲಾ ಕುಳಿತಿರುತ್ತಾನೆ, ಯಾವಾಗಲಾದರೂ ಜುಲೈ ಕಡೆ ತಿರುಗುತ್ತಾಳೇನೋ ಎಂದು ಪೂಜೆ ಮುಗಿಯುವವರೆಗೂ ಅವಳ ಕುತ್ತಿಗೆಯನ್ನೇ ನೋಡುತ್ತಿರುತ್ತಾನೆ.